ಪರಂಗಿಯೆಂಬ ಮಾತು: ಮಾರಮಂಗಲಕ್ಕೆ ಬಂದ ಪಾದ್ರಿಯ ಭಾಷಾಭ್ಯಾಸ

ಓಮಲೂರಿನಿಂದ ತಾರಮಂಗಲದ ಕೈಲಾಸನಾಥನ ಗುಡಿಗೆ ಹೋಗಿಬರುವವರು ನಮ್ಮವರಲ್ಲಿ ಅನೇಕರಿದ್ದಾರೆ. ಗೆಟ್ಟಿ ಮುದಲಿಗಳ ಕಾಲದ ಆ ಶಿಲ್ಪವೈಭವವನ್ನು ಕಂಡು ಮನಸ್ಸು ತುಂಬಿ ಮರಳುವಾಗ, ಅದೇ ಸೀಮೆಯ ಮಾರಮಂಗಲವೆಂಬ ಊರಿನ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಹೋಗಲು ಅಲ್ಲಿ ನೋಡತಕ್ಕದ್ದೇನೂ ಇಲ್ಲ, ನಿಜ. ಆದರೆ ಹದಿನೇಳನೆಯ ಶತಮಾನದ ಜೆಸ್ಯೂಟ್ ಪಾದ್ರಿಗಳ ಕಾಗದಪತ್ರಗಳಲ್ಲಿ ‘ಮೊರಮಂಗಲ’ ಎಂಬ ಒಂದು ಪಾಳೆಯಪಟ್ಟಿನ ಹೆಸರು ಬರುತ್ತದೆ. ಅದು ಈ ಸೀಮೆಯ ಮಾರಮಂಗಲವೇ ಎಂದು ಗುರುತಿಸುವುದು ವಾಡಿಕೆ. 1623ರಲ್ಲಿ ಮಧುರೆಯಿಂದ ಉತ್ತರಕ್ಕೆ ಹೊರಟ ಕಾಷಾಯವಸ್ತ್ರಧಾರಿಯೊಬ್ಬನು ತಿರುಚಿರಾಪಳ್ಳಿ, ಸೇಂದಮಂಗಲ, ಸೇಲಂ ಮಾರ್ಗವಾಗಿ ಈ ಕಡೆಗೆ ಬಂದನು. ಆತನು ನಮ್ಮ ನಾಡಿನವನಲ್ಲ. ಇಟಲಿಯ ದೊಡ್ಡ ಮನೆತನದಲ್ಲಿ 1577ರಲ್ಲಿ ಹುಟ್ಟಿದ ರೊಬೆರ್ತೊ ದೆ ನೊಬಿಲಿ ಆತನು.

ನೊಬಿಲಿಯ ಮತಕಾರ್ಯದ ಕುರಿತು ಬರೆದವರು ಬಹಳ. ಹೊಗಳಿದವರೂ ಉಂಟು, ಕಪಟವೇಷಧಾರಿ ಎಂದು ಜರೆದವರೂ ಉಂಟು. ಆ ಜಗಳ ಈ ಲೇಖನದ ವಿಷಯವಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಚಿಕ್ಕ ಸಂಗತಿ: ಇಪ್ಪತ್ತೊಂಬತ್ತು ವರ್ಷದ ತರುಣನೊಬ್ಬನು ಕಾಣದ ಊರಿಗೆ ಬಂದು, ತನಗಿಂತ ಎರಡುಪಟ್ಟು ವಯಸ್ಸಿನ ಸಹಚರನೊಡನೆ ಒಂದೇ ಸೂರಿನ ಕೆಳಗೆ ಬಾಳಬೇಕಾಗಿ ಬಂದಾಗ, ಆ ಊರಿನ ಭಾಷೆಯನ್ನು ಯಾರಿಂದ ಕಲಿತನು, ಹೇಗೆ ಕಲಿತನು, ಆ ಕಲಿಕೆಗೆ ಯಾರು ಬೆಲೆ ತೆತ್ತರು ಎಂಬುದು. ಮನೆಯೊಳಗೆ ಒಂದು ನುಡಿ, ಹೊಸ್ತಿಲು ದಾಟಿದರೆ ಇನ್ನೊಂದು ನುಡಿ ಎಂದು ತಲೆಮಾರುಗಳಿಂದ ಬಾಳುತ್ತಿರುವ ನಮಗೆ ಈ ಪ್ರಶ್ನೆ ದೂರದ್ದಲ್ಲ.

1604ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿದ ನೊಬಿಲಿಯು ದಾರಿಯಲ್ಲಿ ಮೊಜಾಂಬಿಕ್ ಕರಾವಳಿಯ ಬಳಿ ನೌಕಾಘಾತಕ್ಕೆ ಸಿಕ್ಕಿ, 1605ರ ಮೇ ತಿಂಗಳಲ್ಲಿ ಗೋವೆಯನ್ನು ಮುಟ್ಟಿದನು. ಅಲ್ಲಿಂದ ಕೊಚ್ಚಿಗೆ, ಕೊಚ್ಚಿಯಿಂದ ಮುತ್ತಿನ ಕರಾವಳಿಗೆ. ತೂತ್ತುಕ್ಕುಡಿಯ ಆ ತೀರದಲ್ಲಿ ಮೀನುಗಾರರೂ ಮುತ್ತುಗಾರರೂ ಆದ ಪರವರ ನಡುವೆ ಕೆಲವು ತಿಂಗಳು ಇದ್ದು ತಮಿಳಿನ ಮೊದಲ ಪಾಠಗಳನ್ನು ಕಲಿತನು. 1606ರ ನವೆಂಬರಿನಲ್ಲಿ ಪ್ರಾಂತಾಧಿಕಾರಿ ಅಲ್ಬೆರ್ತೊ ಲಾಯೆರ್ಸಿಯೊ ಆತನನ್ನು ಕರೆದೊಯ್ದು ಮಧುರೆಯಲ್ಲಿ ಬಿಟ್ಟನು. ಅಲ್ಲಿ ಆತನಿಗೆ ಒದಗಿದ ಸಹಚರನು ಗೊನ್ಸಾಲೊ ಫೆರ್ನಾಂದೆಸ್.

ಫೆರ್ನಾಂದೆಸನ ವಿಷಯದಲ್ಲಿ ಚರಿತ್ರಕಾರರು ಸ್ವಲ್ಪ ನಿರ್ದಯರಾಗಿದ್ದಾರೆಂದು ನನಗೆ ತೋರುತ್ತದೆ. ಪೋರ್ತುಗಲ್ಲಿನ ಈ ಮನುಷ್ಯನು ಮೊದಲು ಸೈನಿಕನಾಗಿದ್ದವನು. ನೊಬಿಲಿ ಬಂದಾಗ ಅರವತ್ತು ದಾಟಿದವನು. 1595ರ ಸುಮಾರಿನಿಂದ ಮಧುರೆಯಲ್ಲಿ ನೆಲೆಸಿ, ವ್ಯಾಪಾರಕ್ಕೆಂದು ಬಂದುಹೋಗುತ್ತಿದ್ದ ಪರವ ಕ್ರೈಸ್ತರನ್ನು ನೋಡಿಕೊಳ್ಳುತ್ತ, ಒಂದು ಶಾಲೆಯನ್ನೂ ಒಂದು ಚಿಕ್ಕ ಆಸ್ಪತ್ರೆಯನ್ನೂ ನಡೆಸಿಕೊಂಡಿದ್ದನು. ಹನ್ನೊಂದು ವರ್ಷಗಳಲ್ಲಿ ಊರಿನವರಲ್ಲಿ ಒಬ್ಬನೂ ಆತನ ಮತಕ್ಕೆ ಸೇರಲಿಲ್ಲ. ಆದರೆ ಊರಿನ ರೋಗಿಗಳು ಆತನ ಬಾಗಿಲಿಗೆ ಬರುತ್ತಿದ್ದರು, ಮಕ್ಕಳು ಆತನ ಜಗಲಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ಅದು ಸೋಲಾದರೆ ಗೆಲುವೆಂಬುದು ಯಾವುದೋ ನಾನು ಅರಿಯೆ.

ತರುಣನು ಬಂದ ಕೆಲವು ದಿನಗಳಲ್ಲೇ ಒಂದು ಮಾತು ಆತನ ಕಿವಿಗೆ ಚುಚ್ಚಿತು. ಆ ಕಾಲದಲ್ಲಿ ದೀಕ್ಷೆ ಕೊಡುವಾಗ ಪಾದ್ರಿಗಳು ದುಭಾಷಿಗಳ ಬಾಯಿಂದ ಕಲಿತ ಒಂದು ಪ್ರಶ್ನೆಯನ್ನು ಕೇಳುತ್ತಿದ್ದರು: ಪರಂಗಿಗಳ ಕುಲವನ್ನು ಸೇರುವೆಯಾ ಎಂಬುದು ಅದರ ಅರ್ಥ. ಕೇಳುವವನು ಧರ್ಮದ ಮಾತನ್ನಾಡುತ್ತಿದ್ದೇನೆಂದು ನಂಬಿದ್ದನು. ಕೇಳಿಸಿಕೊಳ್ಳುವವನಿಗೆ ಅದು ಕುಲ ಬಿಡುವ ಮಾತಾಗಿತ್ತು. ಪರಂಗಿಯೆಂದರೆ ಮಧುರೆಯವರ ಕಣ್ಣಿನಲ್ಲಿ ದನದ ಮಾಂಸ ತಿಂದು, ಹೆಂಡ ಕುಡಿದು, ಮೀಯದೆ ತಿರುಗುವ ಪೋರ್ತುಗೀಸನು. ಫೆರ್ನಾಂದೆಸನೂ ತನ್ನನ್ನು ಪರಂಗಿಯೆಂದೇ ಕರೆದುಕೊಳ್ಳುತ್ತಿದ್ದನು; ತಾನು ಪೋರ್ತುಗೀಸನೇ ಆದುದರಿಂದ ಅದರಲ್ಲಿ ಆತನಿಗೆ ತಪ್ಪೇನೂ ಕಾಣಲಿಲ್ಲ. ಒಂದೇ ಶಬ್ದದ ಒಂದು ಬದಿಯಲ್ಲಿ ಮುದುಕನು ಹನ್ನೊಂದು ವರ್ಷ ನಿಂತಿದ್ದನು, ಇನ್ನೊಂದು ಬದಿಯಲ್ಲಿ ಇಡೀ ಊರು ನಿಂತಿತ್ತು.

ಈ ಶಬ್ದವು ನಮ್ಮ ಅಡುಗೆಮನೆಯಲ್ಲಿ ಇಂದಿಗೂ ಇದೆ. ಕನ್ನಡದಲ್ಲಿ ಪರಂಗಿ ಹಣ್ಣೆಂದರೆ ಪಪ್ಪಾಯಿ. ಅದೇ ಹೆಸರಿನ ಕಾಯಿಯನ್ನು ತಮಿಳು ನೆರೆಯವರಲ್ಲಿ ಕೇಳಿದರೆ ಕುಂಬಳದ ಜಾತಿಯ ದಪ್ಪ ಕಾಯಿಯನ್ನು ತಂದುಕೊಟ್ಟಾರು. ಕರ್ನಾಟಕದಿಂದ ಈ ಕಡೆಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಸಂತೆಯಲ್ಲೇ ಈ ಪಾಠವನ್ನು ಕಲಿಯುತ್ತಾರೆ. ಅವರಿಗೆ ಅದು ನಗುವಿನ ಸಂಗತಿ; ನೊಬಿಲಿಗೆ ಅದು ಬದುಕಿನ ದಾರಿಯನ್ನೇ ತಿರುಗಿಸಿತು. ತಾನು ಪರಂಗಿಯಲ್ಲ, ರೋಮಿನಿಂದ ಬಂದವನು, ರಾಜಕುಲದವನು, ಸಂನ್ಯಾಸಿ ಎಂದು ಆತನು ಹೇಳತೊಡಗಿದನು. ಕ್ರಾಂಗನೂರಿನ ಆರ್ಚ್‌ಬಿಷಪ್ ಫ್ರಾನ್ಸಿಸ್ಕೊ ರೋಸ್ ಹಾಗೂ ಲಾಯೆರ್ಸಿಯೊ ಇಬ್ಬರ ಅನುಮತಿಯನ್ನೂ ಪಡೆದು ಕರಿಯ ನಿಲುವಂಗಿಯನ್ನು ತೆಗೆದಿಟ್ಟು ಕಾವಿಯುಟ್ಟನು. ಮರದ ಪಾದುಕೆ ಮೆಟ್ಟಿದನು. ಮಾಂಸ ಮದ್ಯಗಳನ್ನು ತ್ಯಜಿಸಿ ದಿನಕ್ಕೊಂದು ಹೊತ್ತು ಅನ್ನ ತರಕಾರಿಗಳನ್ನು ಉಣ್ಣತೊಡಗಿದನು. ಕೊನೆಗೆ ಬ್ರಾಹ್ಮಣರ ಬೀದಿಯ ಕಡೆಗೆ ಬೇರೆಯೇ ಮನೆ ಮಾಡಿದನು.

ಹೀಗೆ ಒಂದು ಮನೆ ಎರಡಾಯಿತು. ತಾನು ಬಂದಾಗ ತನ್ನನ್ನು ಬರಮಾಡಿಕೊಂಡ ಸಹಚರನೊಡನೆ ಕೂಡಿ ಉಣ್ಣುವುದನ್ನು ನೊಬಿಲಿಯು ಬಿಟ್ಟನು. ಹಗಲಿನಲ್ಲಿ ಜನರೆದುರು ಫೆರ್ನಾಂದೆಸನೊಡನೆ ಕಾಣಿಸಿಕೊಂಡರೆ ತಾನೂ ಪರಂಗಿಯೇ ಆಗಿಬಿಡುವೆನೆಂಬ ಭಯ. ತತ್ತ್ವದ ದೃಷ್ಟಿಯಿಂದ ಇದಕ್ಕೆ ಎಷ್ಟೇ ಸಮರ್ಥನೆಯಿರಲಿ, ಅರವತ್ತು ದಾಟಿದ ಆ ಮುದುಕನು ಒಬ್ಬನೇ ಊಟಕ್ಕೆ ಕುಳಿತ ಚಿತ್ರವು ನನ್ನ ಕಣ್ಣೆದುರಿನಿಂದ ಸರಿಯುವುದಿಲ್ಲ. ಇದರೊಳಗೆ ಇನ್ನೊಂದು ಹುಣ್ಣೂ ಇತ್ತು. ನೊಬಿಲಿಯು ಪೋಪ್ ಮೂರನೆಯ ಜೂಲಿಯಸನ ವಂಶಕ್ಕೆ ಸಂಬಂಧಪಟ್ಟವನು. ಫೆರ್ನಾಂದೆಸನು ಸಾಧಾರಣ ಸೈನಿಕನು. ಕುಲದ ಲೆಕ್ಕ ಮಧುರೆಯಲ್ಲಿ ಮಾತ್ರ ಇತ್ತೆಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ನು ಭಾಷೆಯ ಮಾತು. ನೊಬಿಲಿಗೆ ಮಧುರೆಯಲ್ಲಿ ಮೊದಲು ಸಿಕ್ಕ ವಾದಿಯು ಫೆರ್ನಾಂದೆಸನ ಶಾಲೆಯ ಉಪಾಧ್ಯಾಯನೇ. ಆ ಶೈವ ಪಂಡಿತನೊಡನೆ ಇಪ್ಪತ್ತು ದಿನಗಳ ಕಾಲ ವಾದ ನಡೆಯಿತೆಂದು ಕಾಗದಗಳು ಹೇಳುತ್ತವೆ. ಕೊನೆಗೆ ಆತನೇ ದೀಕ್ಷೆ ಪಡೆದನು. ವಾದವೆಂಬುದು ಭಾಷೆ ಕಲಿಯಲು ಎಷ್ಟು ಒಳ್ಳೆಯ ಉಪಾಯವೆಂಬುದನ್ನು ಕೋರ್ಟಿನ ಪಡಸಾಲೆಯಲ್ಲಿ ತಮಿಳು ಕಲಿತ ನಮ್ಮ ಹಿರಿಯರು ಬಲ್ಲರು. ತೀರದ ಪರವರ ತಮಿಳು ಒಂದು, ಮಧುರೆಯ ವಿದ್ವಾಂಸರ ತಮಿಳು ಇನ್ನೊಂದು. ಆಡುವ ಮಾತಿಗೂ ಬರೆಯುವ ಮಾತಿಗೂ ನಡುವೆ ದೊಡ್ಡ ಕಂದಕ. ಅದರ ಮೇಲೆ, ನಮ್ಮ ಹಳಗನ್ನಡವು ಕೈಬಿಟ್ಟ ‘ೞ’ಕಾರವನ್ನು ತಮಿಳು ಇಂದಿಗೂ ಬಿಟ್ಟಿಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಚಿ ನುಡಿಯಬೇಕಾದ ಆ ಅಕ್ಷರದಲ್ಲಿ ಕನ್ನಡದ ನಾಲಗೆಯೇ ಎಡವುವಾಗ ಇಟಲಿಯ ನಾಲಗೆ ಎಷ್ಟು ತಿಂಗಳು ಒದ್ದಾಡಿತೋ.

ತಮಿಳಿನಿಂದ ಆತನು ತೃಪ್ತನಾಗಲಿಲ್ಲ. ನಾಯಕರ ಆಸ್ಥಾನಕ್ಕೆ ತೆಲುಗು ಬೇಕು. ಪಂಡಿತರ ಮನೆಗೆ ಸಂಸ್ಕೃತ ಬೇಕು. ಎರಡಕ್ಕೂ ಗುರುವಾಗಿ ಒದಗಿದವನು ಶಿವಧರ್ಮನೆಂಬ ತೆಲುಗು ಬ್ರಾಹ್ಮಣನು. ಪರಕೀಯನಿಗೆ ವೇದವನ್ನು ಹೇಳಿಕೊಡುವುದು ಆ ಕಾಲಕ್ಕೆ ಸಾಮಾನ್ಯ ಅಪರಾಧವಲ್ಲ. ತಿಳಿದರೆ ತನ್ನವರಿಂದ ಘೋರ ಶಿಕ್ಷೆಯೊದಗುವ ಭಯ ಆತನಿಗಿತ್ತು. ಆದರೂ ಗುಟ್ಟಾಗಿ ಹೇಳಿಕೊಟ್ಟನು. ಕೆಲವು ವರ್ಷಗಳಲ್ಲಿ ನೊಬಿಲಿಯು ತೈತ್ತಿರೀಯೋಪನಿಷತ್ತಿನ ವಾಕ್ಯಗಳನ್ನು ಎತ್ತಿ ವಾದಿಸುವಷ್ಟು ಸಮರ್ಥನಾದನು. ಸಂಸ್ಕೃತವನ್ನು ಆ ಆಳದಲ್ಲಿ ಕಲಿತ ಮೊದಲ ಯುರೋಪಿಯನ್ನರಲ್ಲಿ ಆತನೊಬ್ಬನೆಂಬುದರಲ್ಲಿ ವಿವಾದವಿಲ್ಲ. ನಮ್ಮ ಗ್ರಂಥಗಳಲ್ಲಿ ಶಿಷ್ಯನ ಹೆಸರು ಉಳಿದಿದೆ. ಗುರುವಿನ ಹೆಸರನ್ನು ಹುಡುಕಿ ತೆಗೆಯಬೇಕಾಗುತ್ತದೆ.

1610ರಲ್ಲಿ ಫೆರ್ನಾಂದೆಸನು ತನ್ನ ಮೇಲಿನವರಿಗೆ ದೂರು ಬರೆದನು. ಈ ತರುಣನು ಬ್ರಾಹ್ಮಣರಂತೆ ಉಡುತ್ತಾನೆ, ಗಂಧವಿಟ್ಟುಕೊಳ್ಳುತ್ತಾನೆ, ನಮ್ಮೊಡನೆ ಉಣ್ಣುವುದಿಲ್ಲ, ಬಡ ಪರವರನ್ನು ತನ್ನ ಗುಡಿಯ ಹತ್ತಿರ ಸೇರಿಸುವುದಿಲ್ಲ ಎಂಬುದು ಅದರ ಸಾರ. ಕೊನೆಯ ಆಕ್ಷೇಪವು ಸುಳ್ಳಲ್ಲ. ಉಚ್ಚಕುಲದವರ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತ ನೊಬಿಲಿಯು ಅವರ ಮಡಿಯನ್ನೂ ಕೂಡಿಯೇ ಕಲಿತನು. ಕೆಳಜಾತಿಯವರಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಬಗೆಯ ಪಾದ್ರಿಗಳು ಬರಲು 1640ರ ಸುಮಾರಿನವರೆಗೆ ಕಾಯಬೇಕಾಯಿತು. ಮುದುಕನ ದೂರಿನಲ್ಲಿ ಹೊಟ್ಟೆಕಿಚ್ಚಿತ್ತು ಎನ್ನುವವರು ಇದನ್ನೂ ನೆನೆಯುವುದು ಒಳ್ಳೆಯದು.

ಈ ನಡುವೆ ನೊಬಿಲಿಗೆ ಹೊಸ ಸಹಚರನೊಬ್ಬ ದೊರೆತನು. ಅಂತೋನಿಯೊ ವಿಕೊ ಎಂಬ ಈ ಇಟಲಿಯವನು ಹೊಸ ಪದ್ಧತಿಯನ್ನು ಮನಃಪೂರ್ವಕವಾಗಿ ಒಪ್ಪಿ, ಅದೇ ಉಡುಪು, ಅದೇ ಊಟ, ಅದೇ ಓದನ್ನು ಹಿಡಿದನು. ಮೊದಲ ಸಹಚರನು ಒಂಟಿತನವನ್ನು ಕೊಟ್ಟರೆ ಎರಡನೆಯವನು ಒಂಟಿತನವನ್ನು ಕಳೆದನು. ಆದರೆ ಬಲವಾದ ಪೆಟ್ಟು ಬಂದದ್ದು ಬೇರೆ ದಿಕ್ಕಿನಿಂದ. ಬೊನಿಫಾಸಿಯೊ ಎಂಬ ಹೆಸರಿನಿಂದ ದೀಕ್ಷೆ ಪಡೆದಿದ್ದ ಶಿವಧರ್ಮನು ಶಿಷ್ಯನಿಂದ ದೂರವಾದನು. ಫೆರ್ನಾಂದೆಸನು ಬ್ರಾಹ್ಮಣರ ಆಚಾರಗಳ ಮೇಲೆ 1616ರಲ್ಲಿ ಪೋರ್ತುಗೀಸಿನಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದನು. ನೊಬಿಲಿ ಲೌಕಿಕವೆಂದು ಸಾಧಿಸಿದ ಜುಟ್ಟು, ಜನಿವಾರ, ಗಂಧ, ಸ್ನಾನಗಳೆಲ್ಲ ಮತಾಚಾರಗಳೇ ಎಂದು ತೋರಿಸುವುದು ಅದರ ಉದ್ದೇಶ. ಅದಕ್ಕೆ ಸಂಸ್ಕೃತದ ಆಧಾರಗಳನ್ನು ಒದಗಿಸಿದವನು ಇದೇ ಶಿವಧರ್ಮನು. ಸಂಸ್ಕೃತವನ್ನರಿಯದ ಮುದುಕನು ತನ್ನ ಎದುರಾಳಿಯ ಗುರುವಿನಿಂದಲೇ ಶಾಸ್ತ್ರಗಳ ಸಾರವನ್ನು ತಿಳಿದುಕೊಂಡನು. ಶಿವಧರ್ಮನು ಯಾಕೆ ಮುನಿದನು, ಎಷ್ಟು ನೊಂದನು ಎಂಬುದನ್ನು ಆತನ ಬಾಯಿಂದಲೇ ಕೇಳುವ ಭಾಗ್ಯ ನಮಗಿಲ್ಲ. ನಮಗೆ ಉಳಿದಿರುವುದು ಪಾದ್ರಿಗಳ ಕಾಗದಗಳು ಮಾತ್ರ.

ಆ ವ್ಯಾಜ್ಯವು 1619ರಲ್ಲಿ ಗೋವೆಯ ಸಭೆಯನ್ನೂ ಆಮೇಲೆ ರೋಮನ್ನೂ ಮುಟ್ಟಿತು. 1623ರ ಜನವರಿ 31ರಂದು ಪೋಪ್ ಹದಿನೈದನೆಯ ಗ್ರೆಗರಿಯು ಜುಟ್ಟು ಜನಿವಾರಗಳಿಗೆ ಷರತ್ತಿನ ಮೇಲೆ ಅನುಮತಿಯಿತ್ತನು. ಅದೇ ವರ್ಷ ನೊಬಿಲಿಯು ಉತ್ತರದ ದಾರಿ ಹಿಡಿದನು.

ಸೇಂದಮಂಗಲದಲ್ಲಿ ರಾಮಚಂದ್ರ ನಾಯಕನು ಆದರದಿಂದ ಕಂಡನು. ಸೇಲಂನಲ್ಲಿ ಮೊದಲು ಹಾಗಾಗಲಿಲ್ಲ. ಇಳಿದುಕೊಳ್ಳಲು ಮನೆ ಕೊಡುವವರೇ ಇರಲಿಲ್ಲ. ಕ್ರಮೇಣ ಆ ಸೀಮೆಯ ಸೇಲಪಟ್ಟಿ ನಾಯಕನ ಸ್ನೇಹ ಬೆಳೆಯಿತು. ಮಾರಮಂಗಲದ ಅಧಿಕಾರವನ್ನು ಕಳೆದುಕೊಂಡು ದೇಶಭ್ರಷ್ಟನಾಗಿದ್ದ ತಿರುಮಂಗಲ ನಾಯಕನು ಆತನ ಶಿಷ್ಯನಾಗಿ 1625ರಲ್ಲಿ ಕುಟುಂಬಸಮೇತ ದೀಕ್ಷೆ ಪಡೆದನು. ಶಿವಧರ್ಮನಿಂದ ಕಲಿತ ತೆಲುಗು ಇಂಥ ನಾಯಕರ ಮನೆಗಳಲ್ಲಿ ನೆರವಾಗಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಆಗ ಓಮಲೂರು ಸೀಮೆಯು ಗೆಟ್ಟಿ ಮುದಲಿಗಳ ಪ್ರಭಾವದಲ್ಲಿತ್ತು. ಮೈಸೂರರಸರ ಸೈನ್ಯವೂ ಅದರೊಡನೆ ಕನ್ನಡದ ಆಡಳಿತವೂ ಈ ಕಡೆಗೆ ಇಳಿದುಬರಲು ಇನ್ನೂ ಕೆಲವು ದಶಕಗಳಿದ್ದವು.

ಕನ್ನಡದ ಮಾತು ಬಂದುದರಿಂದ ಇನ್ನೊಂದು ಹೆಸರನ್ನು ಹೇಳಬೇಕು. 1640ರ ದಶಕದ ಕೊನೆಯಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ಯೂಟನು ಶ್ರೀರಂಗಪಟ್ಟಣಕ್ಕೆ ಬಂದು, ನೊಬಿಲಿಯ ಮಾದರಿಯನ್ನೇ ಹಿಡಿದು ಕಾವಿಯುಟ್ಟು, ಕನ್ನಡವನ್ನು ಕಲಿತು, ಕನ್ನಡದ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ರಚಿಸಿದನು. ಕಿಟೆಲರ ನಿಘಂಟಿಗೆ ಎರಡು ಶತಮಾನಕ್ಕೂ ಹಿಂದಿನ ಮಾತಿದು. ಮಧುರೆಯ ಜಗಳದಲ್ಲಿ ಗೆದ್ದ ಪದ್ಧತಿಯು ಘಟ್ಟ ಹತ್ತಿ ನಮ್ಮ ನುಡಿಯವರೆಗೂ ಬಂದದ್ದು ಹೀಗೆ.

ತಮಿಳಿನಲ್ಲಿ ತತ್ತ್ವಬೋಧಕರೆಂದು ಹೆಸರು ಪಡೆದ ನೊಬಿಲಿಯು ಜ್ಞಾನೋಪದೇಶ, ಆತ್ಮನಿರ್ಣಯ ಮೊದಲಾದ ಗದ್ಯಗ್ರಂಥಗಳನ್ನು ಬರೆದನು. ದೇವರಿಗೆ ಸರ್ವೇಶ್ವರನೆಂಬ ಮಾತನ್ನು ಬಳಸಿದನು. ಪರಂಗಿಯೆಂಬ ಮಾತಿನ ಗಾಯವನ್ನು ಆತನು ಮರೆಯಲೇ ಇಲ್ಲವೆಂದು ಕಾಣುತ್ತದೆ. ಮುಪ್ಪಿನಲ್ಲಿ ಕಣ್ಣುಗಳು ಹೋದವು. ಮೈಲಾಪುರದ ಗುಡಿಸಲೊಂದರಲ್ಲಿ ಕುಳಿತು, ಓದಲೂ ಬರೆಯಲೂ ಆಗದೆ, ತನ್ನ ತಮಿಳು ಗ್ರಂಥಗಳನ್ನು ಓಲೆಕಾರರ ಬಾಯಿಂದ ಓದಿಸಿ ಕೇಳುತ್ತ ತಿದ್ದಿ ಹೇಳುತ್ತಿದ್ದನು. 1656ರ ಜನವರಿ 16ರಂದು ಅಲ್ಲೇ ತೀರಿಕೊಂಡನು.