ಲಟಿಕೆ ಮುರಿಯುವ ಮುನ್ನ

ಬೈಲಹೊಂಗಲದ ಸಂತೆಯ ದಿನ ಯಾವುದಾದರೂ ಕಟಿಂಗ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಗಡ್ಡ ಮುಗಿದ ಮೇಲೆ ತಲೆಗೆ ನಾಲ್ಕು ಬಡಿತ, ಭುಜಕ್ಕೆ ಎರಡು ಗುದ್ದು. ಆಮೇಲೆ ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ, ಲಟಕ್! ಕುರ್ಚಿಯಲ್ಲಿದ್ದ ಅಜ್ಜ ಕಣ್ಣು ತೆರೆದು ‘ಈಗ ಹಗೂರಾತು ನೋಡಪಾ’ ಎನ್ನುತ್ತಾನೆ.

ಇದೇ ಸದ್ದಿನ ಸುತ್ತ ಅಮೆರಿಕದಲ್ಲಿ ಒಂದು ವೃತ್ತಿಯೇ ಬೆಳೆದಿದೆ. ಅದರ ಹೆಸರು ಕೈರೋಪ್ರಾಕ್ಟಿಕ್. ಗ್ರೀಕ್ ಭಾಷೆಯ ‘ಖೈರ್’ ಅಂದರೂ ಕೈಯೇ, ಹಾಗಾಗಿ ನಮಗೆ ನೆನಪಿಡುವುದು ಸುಲಭ. 1895ರ ಸೆಪ್ಟೆಂಬರ್ 18ರಂದು ಅಯೋವಾದ ಡೇವನ್‌ಪೋರ್ಟ್ ಊರಲ್ಲಿ ಡಿ.ಡಿ. ಪಾಮರ್ ಎಂಬಾತ ಹಾರ್ವೆ ಲಿಲರ್ಡ್ ಎಂಬ ಜಾಡಮಾಲಿಯ ಬೆನ್ನುಮೂಳೆ ಒತ್ತಿದನಂತೆ, ಮಂದವಾಗಿದ್ದ ಕಿವಿ ಕೇಳಿಸಿತಂತೆ. ಮೂಳೆ ಸರಿದು ನರ ಒತ್ತುವುದರಿಂದಲೇ ಬಹುತೇಕ ರೋಗಗಳು ಬರುತ್ತವೆ ಎಂಬ ಅವನ ವಾದವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಈಗಿನ ಕೈರೋಪ್ರಾಕ್ಟರುಗಳಲ್ಲಿ ಹಲವರು ನಡ, ಕುತ್ತಿಗೆ ನೋವಿಗಷ್ಟೇ ಕೈ ಹಚ್ಚುತ್ತಾರೆ.

ಆ ಸದ್ದು ಮೂಳೆ ತನ್ನ ಜಾಗಕ್ಕೆ ಕೂತ ಸದ್ದೂ ಅಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದರು. ಕೀಲಿನ ದ್ರವದಲ್ಲಿ ಥಟ್ಟನೆ ಒಂದು ಪೊಳ್ಳು ತೆರೆದುಕೊಳ್ಳುವಾಗ ಲಟಿಕೆ ಕೇಳುತ್ತದೆ, ಅಷ್ಟೇ.

ನಮ್ಮ ಕಡೆ ಕೀಲು ಸವೆಯಲು ಕೆಲಸಕ್ಕೇನೂ ಕೊರತೆಯಿಲ್ಲ. ಹತ್ತಿ ಬಿಡಿಸಲು ಬಗ್ಗಿದ ನಡ, ರಾಮದುರ್ಗ, ಸುರೇಬಾನದ ಮಗ್ಗದಲ್ಲಿ ದಿನವಿಡೀ ತುಳಿಯುವ ಕಾಲು. ನಮ್ಮ ದೊಡ್ಡವ್ವ ರೊಟ್ಟಿ ಬಡಿದು ಏಳುವಾಗ ಮೊದಲು ನೆಲಕ್ಕೆ ಕೈ ಊರುತ್ತಾಳೆ, ಆಮೇಲೆ ಗೋಡೆಗೆ, ಕೊನೆಗೆ ಯಲ್ಲಮ್ಮನ ಹೆಸರಿಗೆ. ಕೇಳಿದರೆ ‘ವಾತ’ ಎಂಬ ಒಂದೇ ಉತ್ತರ.

ತೊಡಕಿರುವುದು ಆ ಒಂದು ಮಾತಿನಲ್ಲೇ. ಮೊಣಕಾಲು ಸವೆದ ಸಂಧಿವಾತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಎರಡೂ ಕೈಯ ಸಣ್ಣ ಕೀಲುಗಳು ಬಾತು, ಬಿಗಿತ ಒಂದು ತಾಸು ದಾಟಿದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ರಕ್ತ ಪರೀಕ್ಷೆ, ಮದ್ದು ಬೇಕೇ ಬೇಕು. ಈ ರೋಗ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟನ್ನೇ ಸಡಿಲಿಸಬಲ್ಲದು. ಅಂಥ ಕುತ್ತಿಗೆಯನ್ನು ಝಟ್ಟನೆ ತಿರುವಿದರೆ ಮಿದುಳಬಳ್ಳಿಗೇ ಏಟು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನುಮೂಳೆ ಬೆಸೆದುಕೊಂಡವರ ಬೆನ್ನನ್ನೂ ಹೀಗೆ ಮುರಿಯಬಾರದೆಂದು ಅಮೆರಿಕದ ಸಂಧಿವಾತ ತಜ್ಞರ 2019ರ ಮಾರ್ಗಸೂಚಿ ಖಡಾಖಂಡಿತ ಹೇಳುತ್ತದೆ. ಸವೆದ ಮೊಣಕಾಲಿಗೆ ಅವರು ಮುಂದಿಡುವುದು ವ್ಯಾಯಾಮ, ತೂಕ ಇಳಿಕೆ. ಕೈಚಿಕಿತ್ಸೆಯಿಂದ ಹೆಚ್ಚಿನ ಲಾಭ ಅವರಿಗೆ ಕಂಡಿಲ್ಲ.

ರೀಲ್ಸ್ ನೋಡಿ ‘ಕೈರೋ’ ಬೋರ್ಡು ಹುಡುಕುವವರು ಇನ್ನೊಂದು ತಿಳಿದಿರಲಿ: ಭಾರತದಲ್ಲಿ ಈ ವೃತ್ತಿಗೆ ಕಾನೂನುಬದ್ಧ ಮಂಡಳಿ ಇಲ್ಲ. ಫಿಸಿಯೋಥೆರಪಿಗೆ 2021ರ ಕಾಯ್ದೆಯ ಆಸರೆಯಾದರೂ ಇದೆ. ಆಯುರ್ವೇದವೇ ಬೇಕೆಂದರೆ ಬೆಳಗಾವಿಯ ಶಹಾಪುರದಲ್ಲಿ 1933ರಿಂದ ನಡೆದಿರುವ ಕೆಎಲ್‌ಇಯ ಕಂಕಣವಾಡಿ ಕಾಲೇಜಿದೆ. ಮೊಣಕಾಲ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬೆಚ್ಚನೆಯ ಎಣ್ಣೆ ನಿಲ್ಲಿಸುವುದೇ ಆಯುರ್ವೇದದ ಜಾನುಬಸ್ತಿ. ಹಿತವೇನೋ ಆಗುತ್ತದೆ, ಸವೆದ ಕೀಲು ಮತ್ತೆ ಬೆಳೆಯುತ್ತದೆಂದು ಯಾರೂ ನಂಬಬೇಕಿಲ್ಲ.

ಇನ್ನು ತಜ್ಞರನ್ನು ಕಾಣಲು ಹೋಗುವ ದಾರಿ. ಕಿತ್ತೂರಿನವರಿಗೆ ಬೆಳಗಾವಿ, ಧಾರವಾಡ ಎರಡೂ ಹೆದ್ದಾರಿಯ ಮೇಲೇ. ಸವದತ್ತಿಯವರಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ಸುಮಾರು 100 ಕಿ.ಮೀ.; ನೋಯುವ ಮೊಣಕಾಲು ಅಷ್ಟು ದೂರ ಬಸ್ಸಿನಲ್ಲಿ ಮಡಚಿ ಕೂರುವುದಕ್ಕಿಂತ ಓಣಿಯಲ್ಲಿ ತಿಕ್ಕುವವರ ಕೈಯನ್ನೇ ನಂಬುತ್ತದೆ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ತಿಕ್ಕಲಿ, ಎಣ್ಣೆ ಹಚ್ಚಲಿ. ಕುತ್ತಿಗೆ ಮಾತ್ರ ತಿರುವದಿರಲಿ.

ದೊಡ್ಡವ್ವನನ್ನು ಒಮ್ಮೆ ಫಿಸಿಯೋ ಹತ್ತಿರ ಕರೆದೊಯ್ದಿದ್ದೆವು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸಲು ಹೇಳಿಕೊಟ್ಟರು. ‘ಇಷ್ಟಕ್ಕ ರೊಕ್ಕಾ ಯಾಕ?’ ಎಂದು ದಾರಿಯುದ್ದಕ್ಕೂ ಗೊಣಗಿದಳು. ಈಗ ಸಂಜೆ ಧಾರಾವಾಹಿ ನೋಡುತ್ತ ಒಂದು ಕಾಲು ಎತ್ತುತ್ತಾಳೆ, ಜಾಹೀರಾತು ಬಂದಾಗ ಇನ್ನೊಂದು.