ನೆಂಟರಿಗೆ ಬೇರೆ ವೈಫೈ ಯಾಕೆ?

ಮನೆಗೆ ಬಂದವರು ನೀರು ಕುಡಿಯೋ ಮೊದಲೇ ‘ವೈಫೈ ಪಾಸ್‌ವರ್ಡ್ ಏನು?’ ಅಂತಾರೆ. ನಾನೂ ವರ್ಷಗಟ್ಟಲೆ ಕೊಟ್ಟೆ. ಸುದ್ದಿಗಾಗಿ ಜನ ನನ್ನನ್ನು ನಂಬಿ ಕೊಟ್ಟ ದಾಖಲೆಗಳಿರುವ ಲ್ಯಾಪ್‌ಟಾಪೂ ಅದೇ ನೆಟ್‌ವರ್ಕಿನಲ್ಲಿದೆ ಅಂತ ಹೊಳೆದ ದಿನ ನಿಲ್ಲಿಸಿದೆ.

ನೆಂಟರ ಮೇಲೆ ನನಗೆ ಅನುಮಾನವಿಲ್ಲ, ಅವರ ಫೋನಿನಲ್ಲಿ ಏನಿದೆಯೋ ಅವರಿಗೇ ಗೊತ್ತಿರಲ್ಲ. ನಮ್ಮ ಮನೆಯ ಸಾಧನಗಳೂ ಅಷ್ಟೇ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅವುಗಳಿಂದ ನಡೆದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಹಲವರಿಗೆ ಸಿಗದಂತಾದವು. ಇಂಥದ್ದೊಂದು ಮನೆಯೊಳಗೆ ಸೇರಿದರೆ ಪಕ್ಕದ ಲ್ಯಾಪ್‌ಟಾಪಿಗೂ ದಾರಿ ಹುಡುಕಬಹುದು.

ಬೇಲಿ ಹಾಕೋದು ಸುಲಭ. ರೌಟರಿನ ತಳದಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಸಾಮಾನ್ಯವಾಗಿ ಅದು 192.168.0.1 ಅಥವಾ 192.168.1.1. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಕೊಡಿ. ಗೆಸ್ಟ್‌ಗಳಿಗೆ ಲೋಕಲ್ ನೆಟ್‌ವರ್ಕ್ ತೆರೆದಿಡುವ ಆಯ್ಕೆ ಆಫ್ ಆಗಿರಲೇಬೇಕು. ಗೆಸ್ಟ್‌ಗೆ ಸೇರಿಸಿದ ಫೋನಿಗೆ ನಿಮ್ಮ ವೈಫೈ ಪ್ರಿಂಟರ್ ಕಾಣದಿದ್ದರೆ ಬೇಲಿ ನಿಂತಿದೆ ಅಂತ. ಸ್ಮಾರ್ಟ್ ಟಿವಿ, ಕ್ಯಾಮೆರಾಗಳನ್ನೂ ಅತ್ತಲೇ ಹಾಕಿ.

ಆದರೆ ಎರಡೂ ನೆಟ್‌ವರ್ಕ್ ಹೊರಗೆ ಹೋಗೋದು ಒಂದೇ ಐಪಿ ವಿಳಾಸದಿಂದ. ಗೆಸ್ಟ್ ಏನೇ ಮಾಡಿದರೂ ಮೊದಲ ಪ್ರಶ್ನೆ ಬರೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ. ಆ ಪಾಸ್‌ವರ್ಡನ್ನೂ ಆಗಾಗ ಬದಲಿಸ್ತಾ ಇರಿ.