ಪೆನ್ನಿನ ಬೆಲೆಯಲ್ಲ, ನಿಬ್ಬಿನ ನಡೆ ನೋಡಿ

ಹುಟ್ಟುಹಬ್ಬ ಬಂದರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮಾವನೋ ಚಿಕ್ಕಪ್ಪನೋ ಮಕ್ಕಳಿಗೆ ಕೊಡುವ ಉಡುಗೊರೆಗಳಲ್ಲಿ ಫೌಂಟನ್ ಪೆನ್ನಿಗೆ ಇಂದಿಗೂ ಒಂದು ಸ್ಥಾನವಿದೆ. ಹೊಳೆಯುವ ಪೆಟ್ಟಿಗೆ, ಮಖಮಲ್ಲಿನ ಹಾಸು, ಚಿನ್ನದ ಬಣ್ಣದ ಕ್ಲಿಪ್ಪು. ಆದರೆ ಎಷ್ಟೋ ಮನೆಗಳಲ್ಲಿ ಆ ಪೆನ್ನು ಒಂದು ತಿಂಗಳು ಬರೆದು ಬೀರು ಸೇರುತ್ತದೆ. ಸೋರುತ್ತದೆ, ಗೀರುತ್ತದೆ, ಬರೆಯುತ್ತಾ ಬರೆಯುತ್ತಾ ನಿಂತುಹೋಗುತ್ತದೆ ಎಂಬ ದೂರು. ಬೈಗುಳ ಮಾತ್ರ ಮಗುವಿಗೆ: ‘ಅಷ್ಟು ದುಡ್ಡಿನ ಪೆನ್ನು ಹಾಳುಮಾಡಿದೆಯಲ್ಲ!’ ಹೆಚ್ಚಿನ ಸಲ ತಪ್ಪು ಮಗುವಿನದಲ್ಲ, ಆಯ್ಕೆಯದು.

ಇದು ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಹತ್ತಿಪ್ಪತ್ತು ಪುಟ ಬರೆಯುವ ವಿದ್ಯಾರ್ಥಿಗೆ ಅರ್ಧ ದಾರಿಯಲ್ಲೇ ಬೆರಳು ಸೆಟೆದುಕೊಂಡರೆ ಗೊತ್ತಿರುವ ಉತ್ತರವೂ ಹಾಳೆಗೆ ಇಳಿಯುವುದಿಲ್ಲ. ಬಾಲ್ ಪೆನ್ನಿನ ಶಾಯಿ ಮಂದವಾದದ್ದು. ಅದರ ಗುಂಡು ಉರುಳಬೇಕಾದರೆ ಕಾಗದದ ಮೇಲೆ ಒತ್ತಲೇಬೇಕು. ಶಾಯಿ ಪೆನ್ನಿಗೆ ಈ ಒತ್ತಡ ಬೇಕಿಲ್ಲ. ತನ್ನ ಭಾರದಿಂದಲೇ ಬರೆಯುವ ಪೆನ್ನು ಒಳ್ಳೆಯ ಪೆನ್ನು. ಕೊಳ್ಳುವವರು ನೆನಪಿಡಬೇಕಾದ ಮುಖ್ಯ ಮಾತು ಇದೇ.

ಒಳಗೆ ನಡೆಯುವುದೇನು?

ತುಂಬಿದ ಶೀಸೆಯನ್ನು ತಲೆಕೆಳಗು ಮಾಡಿದರೆ ನೀರು ‘ಗುಳುಗುಳು’ ಎಂದು ಬೀಳುತ್ತದೆ. ಪೆನ್ನು ಬರೆಯುವಾಗಲೂ ತಲೆಕೆಳಗಾಗಿಯೇ ಇರುತ್ತದೆ. ಶಾಯಿ ಏಕೆ ಸುರಿಯುವುದಿಲ್ಲ? ನೀರು ತುಂಬಿದ ಸ್ಟ್ರಾದ ಮೇಲ್ತುದಿಗೆ ಬೆರಳು ಒತ್ತಿ ಎತ್ತಿ ಹಿಡಿಯಿರಿ. ನೀರು ಬೀಳುವುದಿಲ್ಲ. ಬೆರಳು ಸಡಿಲಿಸಿ, ಗಾಳಿ ಒಳಗೆ ಹೋದೊಡನೆ ನೀರು ಇಳಿಯುತ್ತದೆ. ಪೆನ್ನಿನಲ್ಲೂ ಇದೇ ನಿಯಮ. ಒಳಗೆ ಹೋದ ಗಾಳಿಯಷ್ಟೇ ಶಾಯಿ ಹೊರಗೆ ಬರಬೇಕು. ಈ ಲೆಕ್ಕ ನೋಡಿಕೊಳ್ಳುವುದು ನಿಬ್ಬಿನ ಅಡಿಯಲ್ಲಿ ಕೂತಿರುವ, ಸಣ್ಣ ಗೀರುಗಳುಳ್ಳ ಕಪ್ಪು ಕಡ್ಡಿ. ಇದಕ್ಕೆ ಫೀಡ್ ಎನ್ನುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಫೀಡಿನ ಗೀರು ಮತ್ತು ನಿಬ್ಬಿನ ಸೀಳು ಶಾಯಿಯನ್ನು ತುದಿಗೆ ಎಳೆದು ತರುತ್ತವೆ. ಇದೇ ಕೇಶಾಕರ್ಷಣೆ. ಸೀಳು ಕಿರಿದಾದಷ್ಟೂ ಸೆಳೆತ ಹೆಚ್ಚು.

ಗಾಳಿ ಮತ್ತು ಶಾಯಿಯ ಈ ವಿನಿಮಯವನ್ನು ಹದಕ್ಕೆ ತರಲು ಮನುಷ್ಯ ಬಹಳ ಹೆಣಗಿದ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಇಂಥ ಫೀಡಿಗೆ ಪೇಟೆಂಟ್ ಪಡೆದ. ಅದೇ ದೇಶದ ಜೇನ್ಸ್‌ವಿಲ್ ಎಂಬ ಊರಿನಲ್ಲಿ ತಂತಿವಿದ್ಯೆ ಕಲಿಸುತ್ತಿದ್ದ ಜಾರ್ಜ್ ಪಾರ್ಕರ್ ತನ್ನ ವಿದ್ಯಾರ್ಥಿಗಳಿಗೆ ಪೆನ್ನು ಮಾರುತ್ತಿದ್ದ. ಅವು ಕೆಟ್ಟಾಗ ಆತನೇ ಕೂತು ರಿಪೇರಿ ಮಾಡಿಕೊಡುತ್ತಿದ್ದ. ರಿಪೇರಿ ಮಾಡುತ್ತಾ ಮಾಡುತ್ತಾ, ಇದಕ್ಕಿಂತ ಒಳ್ಳೆಯದನ್ನು ತಾನೇ ಮಾಡಬಹುದೆಂದು ಹೊರಟು 1888ರಲ್ಲಿ ಕಂಪನಿ ಕಟ್ಟಿದ. ಜಗತ್ತಿನ ಹೆಸರಾಂತ ಪೆನ್ನೊಂದರ ಹಿಂದೆ ಮೇಷ್ಟರೊಬ್ಬರ ಬೇಸರವಿದೆ!

ನಮ್ಮ ದೇಶದ ಕಥೆಯೂ ಕಡಿಮೆಯದಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ ಆಂಧ್ರದ ರಾಜಮಹೇಂದ್ರಿಯ ಕೆ.ವಿ. ರತ್ನಂ ತಯಾರಿಸಿದ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು.

ಚಿನ್ನ ಬೇಕೆ?

‘ಚಿನ್ನದ ನಿಬ್ಬು ಇದ್ದರೆ ಅಕ್ಷರ ಚೆನ್ನಾಗಿ ಬರುತ್ತದೆ’ ಎಂಬ ನಂಬಿಕೆ ಹಳೆಯದು. ಅದಕ್ಕೊಂದು ಕಾರಣವಿತ್ತು. ಹಿಂದಿನ ಶಾಯಿಗಳಲ್ಲಿ ಆಮ್ಲದ ಅಂಶ ಹೆಚ್ಚು. ಉಕ್ಕಿನ ನಿಬ್ಬು ತುಕ್ಕು ಹಿಡಿಯುತ್ತಿತ್ತು, ಚಿನ್ನ ಹಿಡಿಯುತ್ತಿರಲಿಲ್ಲ. ಈಗ ನಿಬ್ಬಿಗೆ ಸ್ಟೇನ್‌ಲೆಸ್ ಸ್ಟೀಲ್ ಇದೆ, ದಿನಬಳಕೆಯ ಶಾಯಿಗಳೂ ಮೃದುವಾಗಿವೆ. ಮೇಲಾಗಿ ಕಾಗದಕ್ಕೆ ತಾಗುವುದು ಚಿನ್ನವೇ ಅಲ್ಲ. 14 ಕ್ಯಾರೆಟ್ ನಿಬ್ಬೆಂದರೆ 24ರಲ್ಲಿ 14 ಪಾಲು, ಅಂದರೆ ಸುಮಾರು ಶೇ. 58 ಚಿನ್ನ. ಅಷ್ಟು ಮೆತ್ತಗಿನ ಲೋಹ ಕಾಗದಕ್ಕೆ ಉಜ್ಜಿದರೆ ಬೇಗ ಸವೆದುಹೋಗುತ್ತದೆ. ಆದ್ದರಿಂದ ಚಿನ್ನವಿರಲಿ, ಉಕ್ಕಿರಲಿ, ಒಳ್ಳೆಯ ನಿಬ್ಬಿನ ತುದಿಗೆ ಬಹಳ ಗಟ್ಟಿಯಾದ ಮಿಶ್ರಲೋಹದ ಪುಟ್ಟ ಗುಂಡನ್ನು ಬೆಸೆದಿರುತ್ತಾರೆ. ರೂಢಿಯಲ್ಲಿ ಇದನ್ನು ‘ಇರಿಡಿಯಂ ತುದಿ’ ಎನ್ನುವುದುಂಟು. ಈಗಿನ ತುದಿಗಳಲ್ಲಿ ಹೆಚ್ಚಾಗಿ ಬೇರೆ ಗಟ್ಟಿ ಲೋಹಗಳೇ ಇರುತ್ತವೆ. ಪೆನ್ನಿನ ಬರವಣಿಗೆಯ ಗುಣ ಬಹುಪಾಲು ಈ ಸಾಸಿವೆಗಿಂತ ಚಿಕ್ಕ ಗುಂಡನ್ನು ಹೇಗೆ ಉಜ್ಜಿ ನಯಮಾಡಿದ್ದಾರೆ ಎಂಬುದರ ಮೇಲೆ ನಿಂತಿದೆ. ಶಾಲೆಗೆ ಒಯ್ಯುವ ಪೆನ್ನಿಗೆ ಉಕ್ಕಿನ ನಿಬ್ಬು ಧಾರಾಳ ಸಾಕು. ಕಳೆದುಹೋದರೂ ಮಗುವಿನ ನಿದ್ದೆಗೆಡದಷ್ಟು ಬೆಲೆಯ ಪೆನ್ನೇ ಶಾಲೆಗೆ ಒಳ್ಳೆಯದು.

ಕನ್ನಡಕ್ಕೆ ಯಾವ ನಿಬ್ಬು?

ನಿಬ್ಬುಗಳು ಸಾಮಾನ್ಯವಾಗಿ ಎಕ್ಸ್‌ಟ್ರಾ ಫೈನ್, ಫೈನ್, ಮೀಡಿಯಂ, ಬ್ರಾಡ್ ಎಂಬ ನಾಲ್ಕು ದಪ್ಪಗಳಲ್ಲಿ ಸಿಗುತ್ತವೆ. ಕನ್ನಡ ದುಂಡು ಅಕ್ಷರಗಳ ಲಿಪಿ. ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಎಲ್ಲವೂ ಕಿರಿದಾದ ಜಾಗದಲ್ಲೇ ಕೂರಬೇಕು. ದಪ್ಪ ನಿಬ್ಬಿನಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’ ಬರೆದು ನೋಡಿ: ಒತ್ತಿನ ಸುಳಿಗಳು ತುಂಬಿಕೊಂಡು ಮಸಿಯ ಮುದ್ದೆಯಾಗುತ್ತವೆ. ‘ಥ’ದ ಒಳಗಿನ ಚುಕ್ಕೆ ಮುಚ್ಚಿಹೋದರೆ ‘ಥ’ ಯಾವುದು ‘ಧ’ ಯಾವುದು ಎಂದು ಉತ್ತರಪತ್ರಿಕೆ ತಿದ್ದುವವರು ತಡಕಾಡಬೇಕು. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯುವವರಿಗೆ ಫೈನ್ ನಿಬ್ಬೇ ಸರಿ. ಒಂದು ಎಚ್ಚರ: ಜಪಾನಿನ ಪೈಲಟ್, ಸೇಲರ್, ಪ್ಲಾಟಿನಂ ಪೆನ್ನುಗಳ ಫೈನ್ ಸಾಮಾನ್ಯವಾಗಿ ಯುರೋಪಿನ ಫೈನಿಗಿಂತ ಒಂದು ಮಟ್ಟ ಸಣ್ಣದು. ಹೆಸರು ನೋಡಿ ಕೊಳ್ಳಬೇಡಿ, ಗೆರೆ ನೋಡಿ ಕೊಳ್ಳಿ.

ಎಡಗೈಯಲ್ಲಿ ಬರೆಯುವ ಮಕ್ಕಳ ಕೈ ಆಗತಾನೇ ಬರೆದ ಅಕ್ಷರದ ಮೇಲೇ ಸಾಗುತ್ತದೆ. ಇವರಿಗೆ ಸಣ್ಣ ನಿಬ್ಬು, ಬೇಗ ಒಣಗುವ ಶಾಯಿ ಕೊಡಿಸಬೇಕೇ ಹೊರತು ಕೈ ಬದಲಿಸಲು ಹೇಳಬಾರದು.

ಅಂಗಡಿಯಲ್ಲಿ ಐದು ನಿಮಿಷ

ಪೆನ್ನನ್ನು ಪರೀಕ್ಷಿಸದೆ ಕೊಳ್ಳಬೇಡಿ. ಮೊದಲು ಭೂತಗನ್ನಡಿಯಲ್ಲಿ ತುದಿಯನ್ನು ಎದುರಿನಿಂದ ನೋಡಿ. ಸೀಳಿನ ಎರಡೂ ಕವಲುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಪೆನ್ನು ಕಾಗದ ಗೀರುತ್ತದೆ. ಎರಡನೆಯದಾಗಿ, ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಸ್ವಲ್ಪವೂ ಒತ್ತದೆ 8ರ ಆಕಾರವನ್ನು ನಿಧಾನವಾಗಿ ಎರಡೂ ದಿಕ್ಕಿನಲ್ಲಿ ಬರೆಯಿರಿ. ಒಂದು ದಿಕ್ಕಿನಲ್ಲಿ ಮಾತ್ರ ಗೀರಿದರೆ ಕವಲು ಓರೆಯಾಗಿದೆ ಎಂದರ್ಥ, ಬೇರೆಯದು ಕೇಳಿ. ಮೂರನೆಯದಾಗಿ, ಬೆರಳು ಹಿಡಿಯುವ ಜಾಗ. ಅಲ್ಲಿ ತಿರುಪಿನ ಅಂಚು ಒತ್ತುತ್ತಿದ್ದರೆ ಹತ್ತು ಪುಟದ ನಂತರ ನೋವು ಖಂಡಿತ. ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸಿ, ಸಿಕ್ಕಿಸದೆ ಎರಡೂ ರೀತಿ ಬರೆದು ಭಾರ ಅಳೆಯಿರಿ. 1980ರಲ್ಲಿ ಜರ್ಮನಿಯ ಲ್ಯಾಮಿ ಕಂಪನಿ ಸಫಾರಿ ಎಂಬ ಪೆನ್ನನ್ನು ಎಳೆಯರಿಗಾಗಿಯೇ ಹೊರತಂದಾಗ ಹಿಡಿಯುವ ಜಾಗವನ್ನು ಮೂರು ಮುಖವಾಗಿ ಮಾಡಿತು. ಬೆರಳು ತಾನಾಗಿ ಸರಿಯಾದ ಕಡೆ ಕೂರುತ್ತದೆ. ಮುಚ್ಚಳ ಬಿಗಿಯಾಗಿದೆಯೇ ಎಂಬುದನ್ನೂ ನೋಡಬೇಕು. ಗಾಳಿಯಾಡುವ ಮುಚ್ಚಳವಿದ್ದರೆ ರಾತ್ರಿ ಕಳೆಯುವುದರೊಳಗೆ ನಿಬ್ಬು ಒಣಗುತ್ತದೆ.

ಕೊನೆಯದಾಗಿ, ಶಾಯಿ ತುಂಬುವ ಬಗೆ. ಕಾರ್ಟ್ರಿಜ್ ಹಾಕುವ ಪೆನ್ನಾದರೆ ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿ. ಶೀಸೆಯಿಂದ ಶಾಯಿ ಎಳೆದುಕೊಳ್ಳುವ ಕನ್ವರ್ಟರ್ ಜೊತೆಗಿದ್ದರೆ ಖರ್ಚು ಕಡಿಮೆ. ಡ್ರಾಪರಿನಿಂದ ಕೊಳವೆಗೇ ಶಾಯಿ ತುಂಬುವ ನಮ್ಮ ಹಳೆಯ ಬಗೆಯ ಪೆನ್ನು ಅಗ್ಗ, ಶಾಯಿಯೂ ಹೆಚ್ಚು ಹಿಡಿಯುತ್ತದೆ. ಆದರೆ ಶಾಯಿ ಕಡಿಮೆಯಾದಾಗ ಅದು ಹನಿಯುವುದೇಕೆ? ಒಳಗೆ 2 ಮಿ.ಲೀ. ಗಾಳಿ ಇದೆಯೆನ್ನಿ. ಅಂಗೈಯ ಕಾವಿಗೆ ಅದು 10 ಡಿಗ್ರಿ ಬಿಸಿಯಾದರೆ ಸುಮಾರು 0.07 ಮಿ.ಲೀ. ಹಿಗ್ಗುತ್ತದೆ. ಒಂದು ಹನಿಯೆಂದರೆ ಸುಮಾರು 0.05 ಮಿ.ಲೀ. ಲೆಕ್ಕ ಸರಿಹೋಯಿತಲ್ಲ! ಕಾಲು ಭಾಗಕ್ಕೆ ಇಳಿಯುವ ಮೊದಲೇ ಶಾಯಿ ತುಂಬಿದರೆ ಈ ಕಾಟವಿಲ್ಲ.

ಚಿತ್ರಕ್ಕೆ ಬೇರೆ ಲೆಕ್ಕ

ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರಿಗೆ ಒಂದು ಗೆರೆ ಎಷ್ಟು ಮಾತಾಡಬಲ್ಲದು ಎಂಬುದು ಗೊತ್ತು. ಶಾಯಿಯಲ್ಲಿ ಚಿತ್ರ ಬರೆಯುವವರಿಗೆ ಅಳಿಸುವ ಅವಕಾಶವಿಲ್ಲ; ಆದ್ದರಿಂದ ಗೆರೆ ಎಳೆಯುವ ಮೊದಲು ಕಣ್ಣು ಸರಿಯಾಗಿ ನೋಡಲು ಕಲಿಯುತ್ತದೆ. ಆರಂಭಕ್ಕೆ ಬರೆಯುವ ಪೆನ್ನೇ ಸಾಕು. ನಿಬ್ಬನ್ನು ಬೋರಲು ಮಾಡಿ ಹಗುರವಾಗಿ ಎಳೆದರೆ ಇನ್ನೂ ಸಣ್ಣ ಗೆರೆ ಬರುತ್ತದೆ. ತುದಿ ಮೇಲಕ್ಕೆ ಬಾಗಿರುವ ‘ಫುಡೆ’ ಎಂಬ ಜಪಾನಿ ಬಗೆಯ ನಿಬ್ಬೂ ಉಂಟು. ಪೆನ್ನನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಓರೆ ಮಾಡಿದರೆ ಕುಂಚದಂಥ ದಪ್ಪ ಗೆರೆ. ಆದರೆ ದಪ್ಪ ಗೆರೆಯ ಆಸೆಗೆ ಸಾಮಾನ್ಯ ನಿಬ್ಬನ್ನು ಒತ್ತಬೇಡಿ. ಅಗಲಿದ ಕವಲುಗಳು ಮತ್ತೆ ಕೂಡುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಅಪಾಯ ಶಾಯಿಯದು. ಡ್ರಾಯಿಂಗಿಗೆಂದು ಮಾರುವ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಎಂದಿಗೂ ಹಾಕಬಾರದು. ಅದರಲ್ಲಿ ಮಸಿಯ ಕಣಗಳ ಜೊತೆಗೆ ಅರಗಿನಂಥ ಅಂಟು ಇರುತ್ತದೆ. ಒಣಗಿದರೆ ಫೀಡಿನ ಗೀರುಗಳು ಶಾಶ್ವತವಾಗಿ ಮುಚ್ಚಿಹೋಗಬಹುದು. ಎಷ್ಟೋ ಒಳ್ಳೆಯ ಪೆನ್ನುಗಳು ಸತ್ತಿರುವುದು ಹೀಗೆಯೇ. ಮಾಮೂಲಿ ಶಾಯಿಯ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಹಾಗಾಗಿ ಕಟ್ಟಿಕೊಳ್ಳುವುದಿಲ್ಲ. ಆದರೆ ಚಿತ್ರದ ಮೇಲೆ ಜಲವರ್ಣ ಹಚ್ಚಿದರೆ ಕದಡುತ್ತದೆ. ಕದಡದ ಗೆರೆ ಬೇಕೆಂದರೆ ಫೌಂಟನ್ ಪೆನ್ನಿಗಾಗಿಯೇ ಮಾಡಿದ ಕಾರ್ಬನ್ ಶಾಯಿ ಸಿಗುತ್ತದೆ. ಅದನ್ನು ಹಾಕಿದ ಪೆನ್ನನ್ನು ದಿನವೂ ಬಳಸಬೇಕು, ಆಗಾಗ ತೊಳೆಯಬೇಕು. ಅಷ್ಟು ನಿಷ್ಠೆ ಇಲ್ಲದವರು ಗೆರೆ ಕದಡುವುದನ್ನೇ ಲಾಭ ಮಾಡಿಕೊಳ್ಳಬಹುದು: ಒದ್ದೆ ಕುಂಚ ಆಡಿಸಿದರೆ ಅದೇ ಶಾಯಿ ಚಿತ್ರಕ್ಕೆ ನೆರಳಾಗುತ್ತದೆ!

ಕಾಗದವನ್ನೂ ಮರೆಯಬಾರದು. ಅಗ್ಗದ ನೋಟ್‌ಬುಕ್ಕಿನಲ್ಲಿ ಯಾವ ಪೆನ್ನಾದರೂ ಹರಡುತ್ತದೆ. ಶಾಯಿ ಹಿಂಬದಿಗೆ ಇಂಗಿದರೆ ಮೊದಲು ಕಾಗದ ಬದಲಿಸಿ ನೋಡಿ, ಪೆನ್ನನ್ನಲ್ಲ.

ಆರೈಕೆ ಸುಲಭ

ತಿಂಗಳಿಗೊಮ್ಮೆ, ಶಾಯಿಯ ಬಣ್ಣ ಬದಲಿಸುವಾಗಲೆಲ್ಲ, ತಣ್ಣೀರಿನಲ್ಲಿ ನಿಬ್ಬು ಮತ್ತು ಫೀಡನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಿಸಿನೀರು ಬೇಡ, ಸ್ಪಿರಿಟ್ ಬೇಡ, ಪ್ಲಾಸ್ಟಿಕ್ ಕೆಡುತ್ತದೆ. ಎರಡು ಶಾಯಿಗಳನ್ನು ಬೆರೆಸಬೇಡಿ. ಜೇಬಿನಲ್ಲಿ ನಿಬ್ಬು ಮೇಲಾಗಿರಲಿ. ದೊಡ್ಡ ರಜೆಗೆ ಮುನ್ನ ಪೆನ್ನನ್ನು ಖಾಲಿ ಮಾಡಿ, ತೊಳೆದು, ಒಣಗಿಸಿಡಿ. ಪರೀಕ್ಷೆಗೆ ಹೊಸ ಪೆನ್ನು ಒಯ್ಯುವುದು ತರವಲ್ಲ. ಕನಿಷ್ಠ ಒಂದು ತಿಂಗಳು ಅದರಲ್ಲಿ ಬರೆದು ಕೈ ಪಳಗಿರಬೇಕು. ನೀಟ್, ಸಿಇಟಿಯಂಥ ಪರೀಕ್ಷೆಗಳ ಒಎಂಆರ್ ಹಾಳೆಗೆ ಮಾತ್ರ ಬಾಲ್ ಪೆನ್ನೇ ಬೇಕು. ಬಾಲ್ ಪೆನ್ನಿಗೆ ಒಗ್ಗಿದ ಕೈ ಶಾಯಿ ಪೆನ್ನನ್ನೂ ಮೊದಮೊದಲು ಒತ್ತುತ್ತದೆ. ಗದರಬೇಡಿ, ಕೆಲವು ವಾರದಲ್ಲಿ ಹಿಡಿತ ತಾನಾಗಿ ಸಡಿಲುತ್ತದೆ.

ಪೋಷಕರಿಗೆ ಇನ್ನೊಂದು ಮಾತು. ಪೆನ್ನನ್ನು ಪೆಟ್ಟಿಗೆಯಲ್ಲಿ ಕಟ್ಟಿಸಿ ತಂದು ಮಗುವನ್ನು ಅಚ್ಚರಿಗೊಳಿಸುವ ಆಸೆ ಸಹಜ. ಆದರೆ ಚಪ್ಪಲಿ ಕೊಳ್ಳುವಾಗ ಕಾಲನ್ನು ಮನೆಯಲ್ಲಿ ಬಿಟ್ಟು ಹೋಗುವುದುಂಟೆ? ಮಗುವೂ ಅಂಗಡಿಗೆ ಬರಲಿ, ನಾಲ್ಕು ಪೆನ್ನು ಹಿಡಿದು ತನ್ನ ಹೆಸರು ಬರೆದು ನೋಡಲಿ. ಬರೆಯುವ ಕೈ ಅದರದು.